ಹೋಮ್‌ವರ್ಕ್ ಕೊಡುವ ಚಿಕಿತ್ಸೆ

ಪ್ಯಾನಿಕ್ ಅಟ್ಯಾಕ್ ಅನುಭವಿಸಿದವರಿಗೆ ಗೊತ್ತು. ಎದೆ ಡವಗುಟ್ಟುತ್ತದೆ, ಉಸಿರು ಕಟ್ಟಿದಂತಾಗುತ್ತದೆ, ಕೈಕಾಲು ಜೋಮು ಹಿಡಿಯುತ್ತವೆ, ಇನ್ನೇನು ಪ್ರಾಣ ಹೋಯಿತು ಅನ್ನಿಸುತ್ತದೆ. ಎಮರ್ಜೆನ್ಸಿಗೆ ಓಡಿದರೆ ಇಸಿಜಿ ನೋಡಿ ಏನೂ ಇಲ್ಲ ಎಂದು ಕಳಿಸುತ್ತಾರೆ. ಇಂಥವರು ಕೊನೆಗೊಮ್ಮೆ ಸಿಬಿಟಿ ಮಾಡುವ ಮನಶ್ಶಾಸ್ತ್ರಜ್ಞರ ಬಳಿ ಬಂದರೆ ಅಲ್ಲಿ ಸಿಗುವುದು ಬರೀ ಸಾಂತ್ವನವಲ್ಲ. ಹೃದಯದ ತೊಂದರೆ, ಆಸ್ತಮಾ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಕೈಗೊಂದು ತೆಳ್ಳನೆಯ ಸ್ಟ್ರಾ ಕೊಟ್ಟು, ಮೂಗು ಹಿಡಿದುಕೊಂಡು ಒಂದು ನಿಮಿಷ ಅದರಲ್ಲೇ ಉಸಿರಾಡಿ ಎನ್ನುತ್ತಾರೆ. ತಿರುಗುವ ಕುರ್ಚಿಯಲ್ಲಿ ಕೂರಿಸಿ ಗಿರಗಿರನೆ ತಿರುಗಿಸುತ್ತಾರೆ. ನಿಂತಲ್ಲೇ ಓಡಿಸುತ್ತಾರೆ. ಯಾವುದಕ್ಕೆ ಹೆದರಿ ರೋಗಿ ತಿಂಗಳುಗಟ್ಟಲೆ ಬಸ್ಸು ಹತ್ತಿಲ್ಲವೋ ಆ ಏದುಸಿರು, ತಲೆಸುತ್ತು, ಎದೆಬಡಿತಗಳನ್ನೇ ಬೇಕೆಂದು ಬರಿಸುತ್ತಾರೆ. ಅವು ಬರುತ್ತವೆ, ಏರುತ್ತವೆ, ಇಳಿಯುತ್ತವೆ. ಪ್ರಾಣ ಹೋಗುವುದಿಲ್ಲ. ನಾಳೆಯಿಂದ ಮನೆಯಲ್ಲೂ ಇದನ್ನೇ ಮಾಡಿ, ಏನಾಯಿತೆಂದು ಬರೆದುಕೊಂಡು ಬನ್ನಿ ಎಂದು ಹೋಮ್‌ವರ್ಕ್ ಕೊಟ್ಟು ಕಳಿಸುತ್ತಾರೆ.

ಇದರ ಹಿಂದಿನ ತರ್ಕವನ್ನು ಬ್ರಿಟನ್ನಿನ ಡೇವಿಡ್ ಕ್ಲಾರ್ಕ್ 1986ರಲ್ಲಿ ಬಿಡಿಸಿಟ್ಟರು. ದೇಹದಲ್ಲಿ ಸಹಜವಾಗಿ ಆಗುವ ಒಂದು ಸಣ್ಣ ಬದಲಾವಣೆಯನ್ನು ಮನಸ್ಸು ಮಹಾ ಅಪಾಯವೆಂದು ಓದಿಕೊಳ್ಳುತ್ತದೆ. ಆ ಓದಿನಿಂದ ಭಯ ಹುಟ್ಟುತ್ತದೆ, ಭಯದಿಂದ ಎದೆಬಡಿತ ಇನ್ನಷ್ಟು ಏರುತ್ತದೆ, ಏರಿದ ಬಡಿತವೇ ಅಪಾಯಕ್ಕೆ ಸಾಕ್ಷಿಯಾಗಿಬಿಡುತ್ತದೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಬೇಕು. ‘ನಿಮಗೇನೂ ಆಗಿಲ್ಲ’ ಎಂದು ನೂರು ಸಲ ಹೇಳಿದರೂ ಅದು ತುಂಡಾಗುವುದಿಲ್ಲ. ಏನೂ ಆಗುವುದಿಲ್ಲ ಎಂಬುದನ್ನು ರೋಗಿಯೇ ಮಾಡಿ ನೋಡಬೇಕು.

ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಎಲ್ಲರ ಬಾಯಲ್ಲಿ ಸಿಬಿಟಿ ಆಗಿರುವ ಈ ಪದ್ಧತಿ, ಜಗತ್ತಿನಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದ ಮನೋಚಿಕಿತ್ಸೆ. ನಮ್ಮಲ್ಲಿ ಅದಕ್ಕೆ ‘ಆಲೋಚನೆ ತಿದ್ದುವ ಚಿಕಿತ್ಸೆ’ ಎಂಬ ಹೆಸರು ಬಿದ್ದಿದೆ. ಇನ್ನೊಂದು ಹೆಜ್ಜೆ ಮುಂದೆ ಹೋದವರು ‘ಪಾಸಿಟಿವ್ ಥಿಂಕಿಂಗ್’ ಎಂದೂ ಕರೆಯುತ್ತಾರೆ. ಐವತ್ತು ವರ್ಷಗಳ ಸಂಶೋಧನೆಯನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಬೇರೆ. ಇದರಲ್ಲಿ ಹೆಸರು ಬಂದಿರುವುದು ಆಲೋಚನೆಗೆ, ಹೆಚ್ಚಿನ ಭಾರ ಹೊರುತ್ತಿರುವುದು ಮಾಡುವ ಕೆಲಸ. ಇದು ಪಂಡಿತರ ನಡುವಿನ ಜಗಳ ಮಾತ್ರವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಈ ಚಿಕಿತ್ಸೆಯನ್ನು ಯಾರು ಕೊಡಬಹುದು, ಎಲ್ಲಿ ಕೊಡಬಹುದು, ನಮ್ಮ ತಾಲ್ಲೂಕು ಕೇಂದ್ರಗಳಿಗೆ ಅದು ತಲುಪೀತೇ ಎಂಬ ಪ್ರಶ್ನೆಗಳೆಲ್ಲ ಅದನ್ನೇ ಅವಲಂಬಿಸಿವೆ.

ವರ್ತನೆಯ ಕಡೆಯ ಕಥೆಯೇ ಹಳೆಯದು. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ಸಂಶೋಧಕಿ, ಮೊಲ ಕಂಡರೆ ಕಿರುಚುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಭಯ ಬಿಡಿಸಿದ್ದನ್ನು ವರದಿ ಮಾಡಿದರು. ಹುಡುಗ ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲದ ಪಂಜರವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಕೊನೆಗೆ ಪೀಟರ್ ಮೊಲವನ್ನು ನೇವರಿಸಿದ. ಮೂರು ದಶಕಗಳ ನಂತರ ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ ಇದೇ ತತ್ವವನ್ನು ದೊಡ್ಡವರ ಭಯಗಳಿಗೆ ಒಗ್ಗಿಸಿ, 1958ರಲ್ಲಿ ಪುಸ್ತಕವಾಗಿ ಹೊರತಂದರು.

ಆಲೋಚನೆಯ ಕಡೆಯಿಂದ ಬಂದವರು ಇಬ್ಬರು, ಇಬ್ಬರೂ ಫ್ರಾಯ್ಡ್ ಪಂಥದಲ್ಲಿ ತರಬೇತಾಗಿ ಆಮೇಲೆ ಅದನ್ನು ತೊರೆದವರು. ನ್ಯೂಯಾರ್ಕಿನ ಆಲ್ಬರ್ಟ್ ಎಲ್ಲಿಸ್ ಜಗಳಗಂಟ, ಬಾಯಿ ಬಿಗಿಯಿಲ್ಲದ ಮನುಷ್ಯ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹೆಣ್ಣುಮಕ್ಕಳ ಜೊತೆ ಮಾತಾಡಲು ನಾಚುತ್ತಿದ್ದ ತಾನು ಬ್ರಾಂಕ್ಸ್‌ನ ಸಸ್ಯೋದ್ಯಾನಕ್ಕೆ ಒಂದು ತಿಂಗಳು ಹೋಗಿ, ಬೆಂಚುಗಳ ಮೇಲೆ ಕೂತಿದ್ದ ನೂರು ಮಂದಿ ಮಹಿಳೆಯರನ್ನು ಮಾತಾಡಿಸಿದೆ ಎಂದು ಆತ ಹೇಳಿಕೊಳ್ಳುತ್ತಿದ್ದ. ಭೇಟಿಗೆ ಒಪ್ಪಿದವಳು ಒಬ್ಬಳೇ, ಅವಳೂ ಬರಲಿಲ್ಲವಂತೆ. ಆದರೆ ತಿರಸ್ಕಾರಕ್ಕೆ ಯಾರೂ ಸಾಯುವುದಿಲ್ಲ ಎಂಬುದು ಆತನಿಗೆ ಮನದಟ್ಟಾಯಿತು. ಘಟನೆಗಳು ನಮ್ಮನ್ನು ಕೆಡಿಸುವುದಿಲ್ಲ, ಅವುಗಳ ಬಗ್ಗೆ ನಾವು ಇಟ್ಟುಕೊಂಡ ನಂಬಿಕೆಗಳು ಕೆಡಿಸುತ್ತವೆ ಎಂಬ ಗ್ರೀಕ್ ದಾರ್ಶನಿಕ ಎಪಿಕ್ಟೆಟಸ್‌ನ ವಿಚಾರವನ್ನು ಹಿಡಿದು 1950ರ ದಶಕದ ನಡುವಿನಲ್ಲಿ ಎಲ್ಲಿಸ್ ತನ್ನದೇ ಪದ್ಧತಿ ಕಟ್ಟಿದ. ಗಮನಿಸಿ, ಆತನಿಗೆ ಬುದ್ಧಿ ಬಂದದ್ದು ಎಪಿಕ್ಟೆಟಸ್‌ನನ್ನು ಓದಿದ್ದಷ್ಟರಿಂದಲೇ ಅಲ್ಲ, ಬೆಂಚಿನಿಂದ ಬೆಂಚಿಗೆ ಹೋದದ್ದರಿಂದಲೂ ಹೌದು.

ಫಿಲಡೆಲ್ಫಿಯಾದ ಏರನ್ ಬೆಕ್ ಸ್ವಭಾವದಲ್ಲಿ ಎಲ್ಲಿಸ್‌ಗೆ ತದ್ವಿರುದ್ಧ. ಮೃದುಭಾಷಿ, ಬೋ ಟೈ ಕಟ್ಟುವ ಪ್ರೊಫೆಸರು. ಖಿನ್ನತೆ ಎಂದರೆ ತನ್ನ ಮೇಲೇ ತಿರುಗಿದ ಸಿಟ್ಟು ಎಂಬ ಫ್ರಾಯ್ಡ್ ಪಂಥದ ಮಾತನ್ನು ವೈಜ್ಞಾನಿಕವಾಗಿ ಸಾಬೀತು ಮಾಡಲೆಂದೇ ರೋಗಿಗಳ ಕನಸುಗಳನ್ನು ಅಧ್ಯಯನ ಮಾಡಹೊರಟರು. ಸಿಟ್ಟು ಸಿಗಲಿಲ್ಲ. ಸಿಕ್ಕಿದ್ದು ಸೋಲು, ನಷ್ಟ, ತಾನು ಕೈಲಾಗದವನು ಎಂಬ ಭಾವ. ಅಷ್ಟರಲ್ಲಿ ಇನ್ನೊಂದು ಪ್ರಸಂಗ. ಮಂಚದ ಮೇಲೆ ಮಲಗಿ ತನ್ನ ಪ್ರಣಯ ಪ್ರಸಂಗಗಳನ್ನು ಹೇಳುತ್ತಿದ್ದ ರೋಗಿಯೊಬ್ಬಳು ಕಳವಳಗೊಂಡಳು. ಕಾರಣ ಅಪರಾಧಿ ಭಾವ ಇರಬೇಕೆಂದು ಬೆಕ್ ಊಹಿಸಿದರು. ವಿಚಾರಿಸಿದರೆ, ‘ನನ್ನ ಮಾತು ಕೇಳಿ ನಿಮಗೆ ಬೇಸರವಾಗುತ್ತಿದೆಯೇನೋ ಅನ್ನಿಸುತ್ತಿತ್ತು’ ಎಂಬರ್ಥದ ಉತ್ತರ ಬಂತು. ಮೇಲಿನ ಮಾತಿನ ಅಡಿಯಲ್ಲಿ ಇನ್ನೊಂದು ಮಾತು ತಾನಾಗಿ ಹರಿಯುತ್ತಿತ್ತು. ಕೇಳದೆ ಇದ್ದದ್ದಕ್ಕೆ ಅದು ಹೊರಬಂದಿರಲಿಲ್ಲ, ಅಷ್ಟೇ. ಹೀಗೆ ತಾನಾಗಿ ನುಗ್ಗಿಬರುವ ಆಲೋಚನೆಗಳನ್ನು ಹಿಡಿದು ಪರೀಕ್ಷಿಸುವುದೇ ಬೆಕ್ ಚಿಕಿತ್ಸೆಯ ತಿರುಳಾಯಿತು. ಅವರು 2021ರಲ್ಲಿ, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು.

ಕೋಣೆಯೊಳಗೆ ಇದು ಹೇಗೆ ನಡೆಯುತ್ತದೆ? ಒಬ್ಬ ಶಾಲಾ ಶಿಕ್ಷಕಿ ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ ಹೆಡ್‌ಮಾಸ್ತರರಿಗೆ ನಮಸ್ಕಾರ ಹೇಳಿದರು, ಅವರು ನೋಡದೆ ಹೋದರು. ಇಡೀ ದಿನ ಪಾಠ ಮಾಡಲಾಗಲಿಲ್ಲ, ಸಂಜೆ ಮನೆಗೆ ಬಂದು ದೀಪ ಹಾಕದೆ ಮಲಗಿದರು. ಮುಂದಿನ ವಾರ ಚಿಕಿತ್ಸಕಿ ಒಂದು ಹಾಳೆಯಲ್ಲಿ ಗೆರೆ ಎಳೆಯುತ್ತಾರೆ. ಏನು ನಡೆಯಿತು? ಆಗ ಮನಸ್ಸಿನಲ್ಲಿ ಏನು ಬಂತು? ‘ನನ್ನ ಕೆಲಸ ಸರಿಯಿಲ್ಲ, ಎಲ್ಲರಿಗೂ ಗೊತ್ತಾಗಿದೆ.’ ಅದನ್ನು ನೂರಕ್ಕೆ ಎಷ್ಟು ನಂಬಿದಿರಿ? ತೊಂಬತ್ತು. ದುಃಖ ಎಷ್ಟು? ಎಂಬತ್ತು. ಈ ಮಾತಿಗೆ ಪುರಾವೆ ಏನಿದೆ? ವಿರುದ್ಧ ಪುರಾವೆ ಏನಿದೆ? ಕಳೆದ ತಿಂಗಳು ಅದೇ ಹೆಡ್‌ಮಾಸ್ತರರು ಎಸ್ಸೆಸ್ಸೆಲ್ಸಿ ವಿಶೇಷ ತರಗತಿಗೆ ಇವರನ್ನೇ ಆರಿಸಿದ್ದರು. ಆವತ್ತು ಬಿಇಒ ಬರುವ ದಿನವಾಗಿತ್ತು. ಈಗ ಆ ನಂಬಿಕೆ ಎಷ್ಟು? ನಲವತ್ತು ಇರಬಹುದು. ಚಿಕಿತ್ಸಕಿ ಎಲ್ಲೂ ‘ನೀವು ಒಳ್ಳೆಯ ಟೀಚರು’ ಎನ್ನಲಿಲ್ಲ. ಪ್ರಶ್ನೆ ಮಾತ್ರ ಕೇಳಿದರು. ಆಮೇಲೆ ಹೋಮ್‌ವರ್ಕ್: ನಾಳೆ ಹೆಡ್‌ಮಾಸ್ತರರ ಕೋಣೆಗೆ ಹೋಗಿ ಪಾಠಯೋಜನೆ ತೋರಿಸಿ ಬನ್ನಿ. ಹೋಗುವ ಮುಂಚೆ ಏನಾಗುತ್ತದೆ ಎಂದು ಹೆದರುತ್ತೀರೋ ಬರೆಯಿರಿ, ಬಂದ ಮೇಲೆ ಏನಾಯಿತೋ ಬರೆಯಿರಿ.

ಸಾಮಾನ್ಯವಾಗಿ ವಾರಕ್ಕೊಂದು ಸೆಷನ್, ಹನ್ನೆರಡರಿಂದ ಇಪ್ಪತ್ತು ವಾರ. ಬಾಲ್ಯದ ಬಗ್ಗೆ ವರ್ಷಗಟ್ಟಲೆ ಮಾತುಕತೆ ಇಲ್ಲ. ಕನಸಿಗೆ ಅರ್ಥ ಹೇಳುವುದಿಲ್ಲ. ಇಲ್ಲೊಂದು ಅಡ್ಡಮಾತು. ಗೀತೆಯ ಕೃಷ್ಣನೇ ಮೊಟ್ಟಮೊದಲ ಸಿಬಿಟಿ ಚಿಕಿತ್ಸಕ ಎಂದು ಬರೆಯುವುದು ನಮ್ಮ ದೇಶದ ಮನೋವೈದ್ಯಕೀಯ ಬರಹಗಳಲ್ಲಿ ಒಂದು ರೂಢಿ. ಕೇಳಲು ಹಿತವಾಗಿದೆ. ಆದರೆ ಅರ್ಜುನನಿಗೆ ಯಾರೂ ಗೆರೆ ಎಳೆದ ಹಾಳೆ ಕೊಡಲಿಲ್ಲ, ಎರಡು ವಾರ ಬಿಟ್ಟು ಅಂಕ ನೋಡಲಿಲ್ಲ. ಉಪದೇಶಕ್ಕೂ ಸಿಬಿಟಿಗೂ ಇರುವ ದೂರ ಅಲ್ಲೇ ಇದೆ.

ಅಂಕ ನೋಡುವ ಈ ಅಭ್ಯಾಸವೇ ಸಿಬಿಟಿಯನ್ನು ಔಷಧಗಳ ಜೊತೆ ಅಖಾಡಕ್ಕಿಳಿಸಿತು. 1977ರಲ್ಲಿ ಬೆಕ್ ತಂಡ 41 ಖಿನ್ನತೆ ರೋಗಿಗಳಲ್ಲಿ ತಮ್ಮ ಚಿಕಿತ್ಸೆಯನ್ನು ಇಮಿಪ್ರಮಿನ್ ಮಾತ್ರೆಗೆ ಎದುರಾಗಿ ನಿಲ್ಲಿಸಿದಾಗ ಮಾತೇ ಮುಂದಿತ್ತು. ಅಮೆರಿಕ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆ ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 1989ರಲ್ಲಿ ಬಂದಾಗ ಉತ್ಸಾಹ ಇಳಿಯಿತು. ತೀವ್ರ ಖಿನ್ನತೆಯವರಲ್ಲಿ ಮಾತ್ರೆಯೇ ಮೇಲೆ, ಸಿಬಿಟಿಗೆ ಖಾಲಿ ಮಾತ್ರೆಗಿಂತ ಅಂಥ ಹೆಚ್ಚುಗಾರಿಕೆ ಕಾಣಲಿಲ್ಲ. ವಾದ ಮುಂದುವರಿಯಿತು. 2005ರಲ್ಲಿ ಮಧ್ಯಮ ಮತ್ತು ತೀವ್ರ ಖಿನ್ನತೆಯ 240 ಜನರ ಮೇಲೆ ಪೆನ್ಸಿಲ್ವೇನಿಯಾ ಮತ್ತು ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಗಳು ನಡೆಸಿದ ಪ್ರಯೋಗದಲ್ಲಿ ಎರಡೂ ಸಮವಾದವು. ಹದಿನಾರು ವಾರದಲ್ಲಿ ಎರಡೂ ಗುಂಪಿನ ಶೇ 58ರಷ್ಟು ಜನ ಸುಧಾರಿಸಿದರು. ಆ ಪ್ರಯೋಗದ ಎರಡು ಸೂಕ್ಷ್ಮಗಳು ಸರಾಸರಿಗಿಂತ ಮುಖ್ಯ. ಚಿಕಿತ್ಸಕರು ಪಳಗಿದ್ದ ಕಡೆ ಸಿಬಿಟಿ ಚೆನ್ನಾಗಿ ನಡೆಯಿತು, ಅನುಭವ ಕಡಿಮೆಯಿದ್ದ ಕಡೆ ಹಿಂದೆ ಬಿತ್ತು. ಇನ್ನೊಂದು, ಗುಣವಾದವರನ್ನು ಮುಂದಿನ ಒಂದು ವರ್ಷ ಗಮನಿಸಿದಾಗ ಮಾತ್ರೆ ನಿಲ್ಲಿಸಿದವರಲ್ಲಿ ಶೇ 76 ಜನರಿಗೆ ಖಿನ್ನತೆ ಮರುಕಳಿಸಿತು, ಸಿಬಿಟಿ ಮುಗಿಸಿದವರಲ್ಲಿ ಶೇ 31 ಜನರಿಗೆ ಮಾತ್ರ. ಮಾತ್ರೆ ನುಂಗುವವರೆಗೆ ಕಾಯುತ್ತದೆ, ಕಲಿತದ್ದು ಬಿಟ್ಟ ಮೇಲೂ ಸ್ವಲ್ಪ ಕಾಲ ಜೊತೆಗಿರುತ್ತದೆ.

2023ರಲ್ಲಿ ಪಿಮ್ ಕೈಪರ್ಸ್ ಮತ್ತು ಸಂಗಡಿಗರು ಖಿನ್ನತೆಗೆ ಸಿಬಿಟಿ ಕುರಿತ 409 ಪ್ರಯೋಗಗಳನ್ನು, 52,702 ರೋಗಿಗಳ ಮಾಹಿತಿಯನ್ನು ಒಟ್ಟು ಸೇರಿಸಿ ತೂಗಿದರು. ಅಲ್ಪಾವಧಿಯಲ್ಲಿ ಔಷಧದಷ್ಟೇ ಪರಿಣಾಮ, ಆರು ತಿಂಗಳಿಂದ ಒಂದು ವರ್ಷದ ಲೆಕ್ಕದಲ್ಲಿ ಔಷಧಕ್ಕಿಂತ ಮೇಲು. ಇತರ ಮನೋಚಿಕಿತ್ಸೆಗಳಿಗೆ ಹೋಲಿಸಿದರೆ ಮಾತ್ರ ಹೇಳಿಕೊಳ್ಳುವಂಥ ಅಂತರವಿಲ್ಲ. ಇದೇ ತಂಡ 2021ರಲ್ಲಿ ಎಲ್ಲ ಬಗೆಯ ಮನೋಚಿಕಿತ್ಸೆಗಳನ್ನು ಲೆಕ್ಕ ಹಾಕಿದಾಗ ಕಂಡ ಅಂಕಿ ಇನ್ನೂ ವಿನಯ ಕಲಿಸುತ್ತದೆ. ಸುಮಾರು ಎರಡು ತಿಂಗಳಲ್ಲಿ ಶೇ 41 ಜನರ ಲಕ್ಷಣಗಳು ಅರ್ಧಕ್ಕೆ ಇಳಿದವು. ಮಾಮೂಲಿ ಆರೈಕೆಯಲ್ಲಿ ಈ ಪ್ರಮಾಣ ಶೇ 17. ದುಪ್ಪಟ್ಟಿಗಿಂತ ಹೆಚ್ಚು, ಸಂತೋಷ. ಆದರೆ ಅರ್ಧಕ್ಕಿಂತ ಹೆಚ್ಚು ಜನ ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ. ಸಿಬಿಟಿ ಎಂದರೆ ರಾಮಬಾಣ ಎಂದು ಮಾತಾಡುವವರು ಈ ಎರಡನೇ ವಾಕ್ಯವನ್ನು ಹೇಳುವುದಿಲ್ಲ.

ಇಷ್ಟೆಲ್ಲ ಕೆಲಸ ಮಾಡುತ್ತಿರುವುದು ಚಿಕಿತ್ಸೆಯ ಯಾವ ಭಾಗ? ವಾಷಿಂಗ್ಟನ್ ವಿಶ್ವವಿದ್ಯಾಲಯದ ನೀಲ್ ಜೇಕಬ್ಸನ್ 1996ರಲ್ಲಿ ಸಿಬಿಟಿಯನ್ನು ಬಿಚ್ಚಿ ಭಾಗ ಮಾಡಿ ನೋಡಿದರು. ಒಂದು ಗುಂಪಿಗೆ ಪೂರ್ತಿ ಚಿಕಿತ್ಸೆ. ಇನ್ನೊಂದಕ್ಕೆ ಆಲೋಚನೆಯ ಗೋಜಿಗೆ ಹೋಗದೆ, ಬಿಟ್ಟುಹೋದ ಚಟುವಟಿಕೆಗಳನ್ನು ಒಂದೊಂದಾಗಿ ಮತ್ತೆ ಹಿಡಿಸುವ ಭಾಗ ಮಾತ್ರ: ಬೆಳಿಗ್ಗೆ ಎದ್ದು ಸ್ನಾನ, ಅಂಗಡಿಯವರೆಗೆ ನಡಿಗೆ, ಗೆಳೆಯರಿಗೆ ಫೋನ್, ನಿಂತುಹೋದ ಹೊಲಿಗೆ. ಎರಡು ಗುಂಪುಗಳೂ ಸರಿಸಮ ಸುಧಾರಿಸಿದವು. ಇಂಗ್ಲೆಂಡಿನಲ್ಲಿ 440 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೂ ಇದನ್ನೇ ಹೇಳಿತು. ಕಡಿಮೆ ತರಬೇತಿಯ ಕಿರಿಯ ಸಿಬ್ಬಂದಿ ನಡೆಸಿದ ಚಟುವಟಿಕೆ ಚಿಕಿತ್ಸೆ, ಅನುಭವಿ ಚಿಕಿತ್ಸಕರು ನಡೆಸಿದ ಪೂರ್ತಿ ಸಿಬಿಟಿಗೆ ಕಡಿಮೆಯಾಗಲಿಲ್ಲ, ಖರ್ಚು ಮಾತ್ರ ಕಡಿಮೆಯಾಯಿತು. ಮನಸ್ಸು ಬಂದ ಮೇಲೆ ಕೆಲಸ ಮಾಡುತ್ತೇನೆ ಎಂದು ಖಿನ್ನತೆಯಲ್ಲಿರುವವರು ಕಾಯುತ್ತಾರೆ. ಕೆಲಸ ಮಾಡಿದರೆ ಮನಸ್ಸು ಹಿಂದಿನಿಂದ ಬರುತ್ತದೆ ಎಂಬುದು ಈ ಚಿಕಿತ್ಸೆಯ ವಾದ. ಆಲೋಚನೆಗೆ ಪಾತ್ರವೇ ಇಲ್ಲ ಎಂದು ಇದರಿಂದ ತೀರ್ಮಾನಿಸಲಾಗದು. ಬೆಂಚಿನಿಂದ ಬೆಂಚಿಗೆ ಹೋದ ಎಲ್ಲಿಸ್‌ನ ನಂಬಿಕೆಯೂ ಬದಲಾಯಿತಲ್ಲ. ಅದು ಬದಲಾದ ದಾರಿ ವಾದದ್ದಲ್ಲ, ಅಷ್ಟೇ.

ಗೀಳು ಕಾಯಿಲೆಯಲ್ಲಿ ಈ ಮಾತು ಢಾಳಾಗಿ ಕಾಣುತ್ತದೆ. ಒಸಿಡಿ ಎಂದು ಈಗ ಎಲ್ಲರೂ ಸಲೀಸಾಗಿ ಹೇಳುತ್ತಾರೆ, ಮೇಜು ಒಪ್ಪವಾಗಿಡುವವರಿಗೂ ಆ ಹೆಸರು ಅಂಟಿಸುತ್ತಾರೆ. ನಿಜವಾದ ಗೀಳು ಬೇರೆ ಥರ. ಕೈ ತೊಳೆದು ತೊಳೆದು ಬೆರಳ ಸಂದಿಯ ಚರ್ಮ ಬಿರಿದಿರುತ್ತದೆ. ಸ್ನಾನಕ್ಕೆ ಹೋದವರು ಎರಡು ಗಂಟೆಯಾದರೂ ಹೊರಗೆ ಬರುವುದಿಲ್ಲ. ಕೊಳಾಯಿ ಮುಟ್ಟಿದ ಕೈಯನ್ನು ತೊಳೆದರೆ ಕೊಳಾಯಿಯನ್ನೂ ತೊಳೆಯಬೇಕು, ತೊಳೆದ ನೀರು ಸಿಡಿದರೆ ಮತ್ತೆ ಸ್ನಾನ. ಮಡಿ ಮೈಲಿಗೆ ಇರುವ ನಮ್ಮ ಮನೆಗಳಲ್ಲಿ ಇದು ವರ್ಷಗಟ್ಟಲೆ ಕಾಯಿಲೆಯೆಂದೇ ಗೊತ್ತಾಗುವುದಿಲ್ಲ. ‘ಅಜ್ಜಿಯೂ ಹಾಗೇ ಇದ್ದರು’ ಎಂದು ನಡೆದುಹೋಗುತ್ತದೆ. ವ್ಯತ್ಯಾಸ ಹುಡುಕುವ ಜಾಗ ಇಷ್ಟೇ: ಮಡಿ ಉಟ್ಟವರಿಗೆ ಒಮ್ಮೆ ನೀರು ಹಾಕಿಕೊಂಡರೆ ಸಮಾಧಾನವಾಗುತ್ತದೆ, ಗೀಳಿನವರಿಗೆ ಎಷ್ಟು ಸಲ ಹಾಕಿಕೊಂಡರೂ ಆಗುವುದಿಲ್ಲ.

ಇದು ವಾಸಿಯಾಗದ ರೋಗ ಎಂದೇ ಬಹುಕಾಲ ನಂಬಿದ್ದರು. 1966ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವಿಕ್ಟರ್ ಮೇಯರ್, ಇಬ್ಬರು ರೋಗಿಗಳಿಗೆ ಕೊಳಕೆಂದು ಹೆದರುವ ವಸ್ತುಗಳನ್ನು ಮುಟ್ಟಿಸಿ, ಆಮೇಲೆ ತೊಳೆಯಲು ಬಿಡದಂತೆ ನರ್ಸುಗಳನ್ನು ಕಾವಲಿಟ್ಟರು. ಇಬ್ಬರೂ ಸುಧಾರಿಸಿದರು. ಇಂದಿನ ಪದ್ಧತಿಯಲ್ಲಿ ಕಾವಲಿಲ್ಲ, ಬಲವಂತವಿಲ್ಲ. ರೋಗಿಯೇ ತನ್ನ ಭಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿ ಮಾಡುತ್ತಾರೆ. ಕೆಳಗಿನ ಮೆಟ್ಟಿಲು, ಹೊರಗಿನಿಂದ ಬಂದ ಚಪ್ಪಲಿ ಮುಟ್ಟುವುದು, ಭಯ ನೂರಕ್ಕೆ ಮೂವತ್ತು. ಮೇಲಿನದು, ಬಸ್ ನಿಲ್ದಾಣದ ಶೌಚಾಲಯದ ಬಾಗಿಲ ಹಿಡಿ ಮುಟ್ಟಿ ಅದೇ ಕೈಯಲ್ಲಿ ಸೀರೆಯ ಸೆರಗು ಸರಿಮಾಡಿಕೊಳ್ಳುವುದು, ತೊಂಬತ್ತೈದು. ಒಂದೊಂದೇ ಹತ್ತುತ್ತಾರೆ. ಮುಟ್ಟಿದ ಮೇಲೆ ತೊಳೆಯುವುದಿಲ್ಲ, ಒರೆಸುವುದಿಲ್ಲ, ‘ಏನೂ ಆಗಲ್ಲ ತಾನೇ?’ ಎಂದು ಯಾರನ್ನೂ ಕೇಳುವುದೂ ಇಲ್ಲ. ಇಲ್ಲೇ ಮನೆಯವರಿಗೂ ಪಾಠವಿದೆ. ಮಗಳ ಸಂಕಟ ನೋಡಲಾರದೆ ತಾಯಿ ಬಕೆಟ್ ತುಂಬಿಸಿಕೊಡುತ್ತಾರೆ, ಗಂಡ ಆಫೀಸಿನಿಂದ ಬಂದವನೇ ಬಟ್ಟೆ ಬದಲಿಸಿ ಒಳಗೆ ಬರುತ್ತಾನೆ. ಆ ಪ್ರೀತಿಯೇ ಗೀಳಿಗೆ ಅನ್ನ ಹಾಕುತ್ತದೆ. ಅದನ್ನು ಹಂತಹಂತವಾಗಿ ನಿಲ್ಲಿಸಲು ಮನೆಯವರಿಗೆ ಹೇಳಿಕೊಡುವುದು ಚಿಕಿತ್ಸೆಯ ಅರ್ಧ ಭಾಗ, ಎಷ್ಟೋ ಸಲ ಕಷ್ಟದ ಅರ್ಧ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ.

ಗೀಳು ಇರುವ 112 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ, 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಿಬಿಟಿ ಮತ್ತು ಸರ್ಟ್ರಲಿನ್ ಮಾತ್ರೆ ಎರಡನ್ನೂ ಕೊಟ್ಟವರಲ್ಲಿ ಶೇ 54ರಷ್ಟು ಮಕ್ಕಳು ಬಹುಮಟ್ಟಿಗೆ ಗುಣವಾದರು. ಸಿಬಿಟಿ ಒಂದರಲ್ಲೇ ಶೇ 39, ಮಾತ್ರೆಯೊಂದರಲ್ಲೇ ಶೇ 21, ಖಾಲಿ ಮಾತ್ರೆಯಲ್ಲಿ ಶೇ 4ರ ಆಸುಪಾಸು. ಮಾತ್ರೆಯೋ ಮಾತೋ ಎಂದು ಪಕ್ಷ ಕಟ್ಟುವವರು ಈ ಸಾಲನ್ನು ಒಮ್ಮೆ ನೋಡಬೇಕು.

ನಿದ್ರಾಹೀನತೆಯ ಸಿಬಿಟಿ ಇನ್ನೂ ವಿಚಿತ್ರ. ನಿದ್ದೆ ಬರುತ್ತಿಲ್ಲ ಎಂದು ಬಂದವರಿಗೆ ಹಾಸಿಗೆಯ ಸಮಯವನ್ನೇ ಕಡಿತ ಮಾಡುತ್ತಾರೆ. ಒಂಬತ್ತು ಗಂಟೆ ಹಾಸಿಗೆಯಲ್ಲಿ ಹೊರಳಾಡಿ ಆರು ಗಂಟೆ ನಿದ್ದೆ ಮಾಡುವವರು ಇನ್ನು ಆರೇ ಗಂಟೆ ಮಲಗಬೇಕು. ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು, ಮಧ್ಯಾಹ್ನ ನಿದ್ದೆ ಇಲ್ಲ, ಎಚ್ಚರವಾದರೆ ಎದ್ದು ಆಚೆ ಹೋಗಬೇಕು. ಮೊದಲ ವಾರ ನರಕ. ಆಮೇಲೆ ಹಾಸಿಗೆ ಕಂಡರೆ ನಿದ್ದೆ ಎಂಬ ನಂಟು ಮರಳಿ ಕೂಡುತ್ತದೆ, ಹಾಸಿಗೆಯ ಸಮಯವನ್ನು ಕಾಲು ಗಂಟೆಯಂತೆ ಹೆಚ್ಚಿಸುತ್ತಾರೆ. (ಬೈಪೋಲಾರ್ ಇರುವವರು, ರಾತ್ರಿ ಲಾರಿ ಓಡಿಸುವವರು ಇದನ್ನು ತಾವಾಗಿ ಮಾಡಹೋಗಬಾರದು.) ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಶಿಫಾರಸು ಮಾಡಿತು. ನಮ್ಮ ಮೆಡಿಕಲ್ ಸ್ಟೋರುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಹಾಗಾದರೆ ಇದು ಎಲ್ಲಕ್ಕೂ ಆದೀತೇ? ಇಲ್ಲ. ಸ್ಕಿಜೋಫ್ರೀನಿಯಾ ಮತ್ತು ಬೈಪೋಲಾರ್‌ನಲ್ಲಿ ಔಷಧವೇ ಆಧಾರ, ಸಿಬಿಟಿ ಪಕ್ಕದ ಊರುಗೋಲು. ಸ್ಕಿಜೋಫ್ರೀನಿಯಾದ ಪ್ರಯೋಗಗಳನ್ನು ಕಟ್ಟುನಿಟ್ಟಾಗಿ ತೂಗಿದಾಗ ಸಿಕ್ಕಿರುವ ಲಾಭ ಚಿಕ್ಕದು. ಅತಿ ಉತ್ಸಾಹ ಮುಖಭಂಗ ಅನುಭವಿಸಿದ ಕಥೆಯೂ ಇದೆ. ತೀವ್ರ ದಣಿವಿನ ಕಾಯಿಲೆಗೆ ಸಿಬಿಟಿ ಮತ್ತು ಹಂತಹಂತದ ವ್ಯಾಯಾಮ ಪರಿಣಾಮಕಾರಿ ಎಂದು 2011ರಲ್ಲಿ ಬ್ರಿಟನ್ನಿನ ಪೇಸ್ ಪ್ರಯೋಗ ಸಾರಿತು. ರೋಗಿಗಳು ಸಿಡಿದೆದ್ದರು, ಲೆಕ್ಕಾಚಾರದ ಮೇಲೆ ವರ್ಷಗಟ್ಟಲೆ ವಾಗ್ವಾದ ನಡೆಯಿತು. 2021ರಲ್ಲಿ ಅಲ್ಲಿನ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ ಆ ವ್ಯಾಯಾಮದ ಶಿಫಾರಸನ್ನು ಕೈಬಿಟ್ಟು, ಸಿಬಿಟಿ ಆ ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಅದರ ಜೊತೆ ಬದುಕಲು ನೆರವಾಗಬಹುದಷ್ಟೇ ಎಂದು ತಿದ್ದಿತು. ದೇಹದ ರೋಗವನ್ನು ‘ನಿನ್ನ ಯೋಚನೆ ಸರಿಯಿಲ್ಲ’ ಎಂದು ತಳ್ಳಿಹಾಕುವ ಅಪಾಯ ಈ ಚಿಕಿತ್ಸೆಯ ಬೆನ್ನಿಗೇ ಇದೆ.

ಇನ್ನೊಂದು ಅಪಾಯ ನಮ್ಮ ಊರುಗಳಿಗೆ ಹೆಚ್ಚು ಹತ್ತಿರದ್ದು. ಆಲೋಚನೆ ಸುಳ್ಳಾಗಿದ್ದರೆ ತಿದ್ದಬಹುದು, ನಿಜವಾಗಿದ್ದರೆ? ‘ನಾಕು ಜನ ಏನಂದಾರು’ ಎಂದು ಹೆದರುವ ಹೆಣ್ಣುಮಗಳ ಬೀದಿಯಲ್ಲಿ ಆ ನಾಕು ಜನ ನಿಜವಾಗಿಯೂ ಏನೋ ಅನ್ನುತ್ತಿರುತ್ತಾರೆ. ಗಂಡ ದಿನಾ ಕುಡಿದು ಬಂದು ಹೊಡೆಯುತ್ತಿದ್ದರೆ ‘ನನ್ನ ಬಾಳು ಇಷ್ಟೇ’ ಎಂಬುದು ವಿಕೃತ ಆಲೋಚನೆಯಲ್ಲ, ವರದಿ. ಅಲ್ಲಿ ಪುರಾವೆಯ ಹಾಳೆ ತೆಗೆಯುವ ಚಿಕಿತ್ಸಕ ಕ್ರೂರಿಯಾಗುತ್ತಾನೆ. ಪಳಗಿದವರು ಅಲ್ಲಿ ಆಲೋಚನೆಯ ಬದಲು ಸಮಸ್ಯೆಯನ್ನೇ ಕೈಗೆತ್ತಿಕೊಳ್ಳುತ್ತಾರೆ: ತವರಿನಲ್ಲಿ ಯಾರಿದ್ದಾರೆ, ಸ್ವಸಹಾಯ ಸಂಘದಲ್ಲಿ ಯಾರನ್ನು ನಂಬಬಹುದು, ಈ ವಾರ ಒಂದು ಸಣ್ಣ ಕೆಲಸ ಏನು ಮಾಡಬಹುದು.

ನಮ್ಮ ರೋಗಿಗಳು ಚಿಕಿತ್ಸೆಯಿಂದ ಬಯಸುವುದೂ ಬೇರೆ. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ (ಇಂದಿನ ನಿಮ್ಹಾನ್ಸ್‌ನ ಪೂರ್ವರೂಪ) ಇದ್ದ ಎನ್. ಸಿ. ಸೂರ್ಯ, ಎಸ್. ಎಸ್. ಜಯರಾಮ್ ಜೊತೆಗೂಡಿ 1964ರಲ್ಲೇ ಒಂದು ಲೇಖನ ಬರೆದಿದ್ದರು. ನಮ್ಮ ರೋಗಿಗಳು ಮನದಾಳದ ಕಾರಣಗಳ ವಿಶ್ಲೇಷಣೆಗಿಂತ ತಮ್ಮ ಪರಿಸ್ಥಿತಿಗೆ ನೇರವಾದ ಆಸರೆಯನ್ನು ಬಯಸುತ್ತಾರೆ ಎಂಬುದು ಅವರ ಒಂದು ಗ್ರಹಿಕೆ. 1973ರಲ್ಲಿ ಜೆ. ಎಸ್. ನೇಕಿ, ವೈದ್ಯ ರೋಗಿಯರ ನಡುವಿನ ನಂಟನ್ನು ಗುರು ಶಿಷ್ಯರ ಮಾದರಿಯಲ್ಲಿ ಕಟ್ಟಬಹುದೇ ಎಂದು ಕೇಳಿದರು. ‘ನೀವೇ ಹೇಳಿಬಿಡಿ ಡಾಕ್ಟ್ರೇ’ ಎನ್ನುವ ರೋಗಿಯ ಮುಂದೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತ ಕೂತರೆ, ಇವರಿಗೇ ಏನೂ ಗೊತ್ತಿಲ್ಲವೇನೋ ಎಂದು ಮುಂದಿನ ವಾರ ಅವರು ಬರುವುದೇ ಇಲ್ಲ. ವಿಚಿತ್ರವೆಂದರೆ ಸಿಬಿಟಿಯ ವರ್ತನೆಯ ಭಾಗ ಈ ನಿರೀಕ್ಷೆಗೆ ಚೆನ್ನಾಗಿ ಹೊಂದುತ್ತದೆ. ಇದು ಮಾಡಿ, ಇದು ಬೇಡ, ಬರೆದುಕೊಂಡು ಬನ್ನಿ. ಪಥ್ಯ ಹೇಳುವ ವೈದ್ಯರಿಗೆ ಒಗ್ಗಿಹೋದ ಸಮಾಜಕ್ಕೆ ಇದು ಹೊಸತಲ್ಲ.

ಗೋವಾದಲ್ಲಿ ಆದದ್ದು ಇದಕ್ಕೆ ಅತ್ಯುತ್ತಮ ನಿದರ್ಶನ. ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆ, ಮಾನಸಿಕ ಆರೋಗ್ಯದಲ್ಲಿ ಯಾವ ಪದವಿಯೂ ಇಲ್ಲದ ಸ್ಥಳೀಯರನ್ನು ಆಪ್ತಸಲಹೆಗಾರರಾಗಿ ತರಬೇತುಗೊಳಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ತೀವ್ರ ಮಟ್ಟದ ಖಿನ್ನತೆಯಿದ್ದ 495 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರರಿಂದ ಎಂಟು ಸೆಷನ್ನುಗಳ ಚಟುವಟಿಕೆ ಚಿಕಿತ್ಸೆ, ಕೇಂದ್ರದಲ್ಲಿ ಇಲ್ಲವೇ ಮನೆಯಲ್ಲಿ. ಮೂರು ತಿಂಗಳಲ್ಲಿ ಆ ಗುಂಪಿನ ಶೇ 64 ಜನ ಚೇತರಿಸಿಕೊಂಡಿದ್ದರು, ಇನ್ನೊಂದರಲ್ಲಿ ಶೇ 39. 2017ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಈ ಫಲಿತಾಂಶಕ್ಕೆ ಒಂಬತ್ತು ವರ್ಷ ಮೊದಲೇ ಪಾಕಿಸ್ತಾನದ ರಾವಲ್ಪಿಂಡಿ ಜಿಲ್ಲೆಯ ಹಳ್ಳಿಗಳಲ್ಲಿ ಅತೀಫ್ ರಹಮಾನ್, ನಮ್ಮ ಆಶಾ ಕಾರ್ಯಕರ್ತೆಯರಂಥ ಆರೋಗ್ಯ ಕಾರ್ಯಕರ್ತೆಯರಿಂದ ಬಾಣಂತಿಯರ ಖಿನ್ನತೆಗೆ ಸಿಬಿಟಿ ತತ್ವದ ಆರೈಕೆ ಕೊಡಿಸಿದ್ದರು. ಆರು ತಿಂಗಳಿಗೆ ಖಿನ್ನತೆ ಉಳಿದಿದ್ದವರು ಶೇ 23, ಮಾಮೂಲಿ ಭೇಟಿ ಪಡೆದವರಲ್ಲಿ ಶೇ 53. ಕಾಂಗೋದಲ್ಲಿ ಲೈಂಗಿಕ ಹಿಂಸೆಗೆ ಒಳಗಾದ ಹೆಂಗಸರಿಗೆ ಶಾಲಾ ವಿದ್ಯಾಭ್ಯಾಸವಷ್ಟೇ ಇದ್ದ ಸಹಾಯಕಿಯರು ಗುಂಪಿನಲ್ಲಿ ಕೊಟ್ಟ ಇಂಥದೇ ಚಿಕಿತ್ಸೆಯ ಫಲ 2013ರಲ್ಲಿ ಪ್ರಕಟವಾಯಿತು. ಅಲ್ಲಂತೂ ಕಾಯಿಲೆಯ ಲಕ್ಷಣ ಉಳಿದಿದ್ದವರು ಶೇ 9, ಹೋಲಿಕೆಯ ಗುಂಪಿನಲ್ಲಿ ಶೇ 42.

ಇಂಗ್ಲೆಂಡ್ ಹಿಡಿದದ್ದು ಇನ್ನೊಂದು ದಾರಿ. ಅರ್ಥಶಾಸ್ತ್ರಜ್ಞ ರಿಚರ್ಡ್ ಲೇಯರ್ಡ್ ಮತ್ತು ಮೊದಲು ಹೇಳಿದ ಡೇವಿಡ್ ಕ್ಲಾರ್ಕ್ ಸೇರಿ, ಖಿನ್ನರಾದವರು ಕೆಲಸಕ್ಕೆ ಮರಳಿದರೆ ಚಿಕಿತ್ಸೆಯ ಖರ್ಚು ತಾನೇ ಹುಟ್ಟುತ್ತದೆ ಎಂದು ಸರ್ಕಾರಕ್ಕೆ ಲೆಕ್ಕ ಒಪ್ಪಿಸಿದರು. 2008ರಲ್ಲಿ ಶುರುವಾದ ಆ ಯೋಜನೆಯಲ್ಲಿ ಸಾವಿರಾರು ಚಿಕಿತ್ಸಕರು ತರಬೇತಾದರು. ಪ್ರತಿ ಸೆಷನ್ನಿಗೂ ರೋಗಿ ಪ್ರಶ್ನಾವಳಿ ತುಂಬುತ್ತಾರೆ, ಫಲಿತಾಂಶ ಸಾರ್ವಜನಿಕವಾಗಿ ಪ್ರಕಟವಾಗುತ್ತದೆ. ಚಿಕಿತ್ಸೆ ಮುಗಿಸಿದವರಲ್ಲಿ ಸುಮಾರು ಅರ್ಧ ಜನ ಗುಣಮುಖರು ಎಂಬುದು ಲೆಕ್ಕ. ಮುಗಿಸದೆ ಬಿಟ್ಟವರ ಪಾಡೇನು, ಗುರಿ ಮುಟ್ಟಿಸುವ ಒತ್ತಡದಲ್ಲಿ ಚಿಕಿತ್ಸಕರೇ ಬಳಲುತ್ತಿಲ್ಲವೇ ಎಂಬ ಟೀಕೆಗಳೂ ಇವೆ. ಆದರೂ ತನ್ನ ಸೋಲು ಗೆಲುವನ್ನು ಇಷ್ಟು ತೆರೆದಿಟ್ಟ ಮಾನಸಿಕ ಆರೋಗ್ಯ ಸೇವೆ ಮತ್ತೊಂದು ನನಗೆ ಕಂಡಿಲ್ಲ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಹಿರಿತನವಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮನೋರೋಗ ಚಿಕಿತ್ಸೆ ಕೊಡುವ ಜಿಲ್ಲಾ ಮಾದರಿಯನ್ನು ನಿಮ್ಹಾನ್ಸ್ 1985ರಿಂದ ಕಟ್ಟಿ ತೋರಿಸಿದ್ದು ಬಳ್ಳಾರಿಯಲ್ಲಿ. ಅದೇ ಮುಂದೆ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಆದರೆ ಆ ಮಾದರಿಯ ಒತ್ತು ರೋಗ ಗುರುತಿಸುವುದು ಮತ್ತು ಮಾತ್ರೆ ತಲುಪಿಸುವುದರ ಮೇಲಿತ್ತು. ಮಾತಿನ ಚಿಕಿತ್ಸೆ ನಗರದ ಕ್ಲಿನಿಕ್ಕುಗಳಲ್ಲೇ ಉಳಿಯಿತು. ಅಲ್ಲಿ ಗಂಟೆಗೆ ಸಾವಿರ ರೂಪಾಯಿ ದಾಟುವ ಶುಲ್ಕ, ಬಹುಪಾಲು ಇಂಗ್ಲಿಷಿನಲ್ಲೇ ನಡೆಯುವ ಮಾತುಕತೆ. ನಿಮ್ಹಾನ್ಸ್ ಮುನ್ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆಯಿರುವವರಲ್ಲಿ ಶೇ 80ಕ್ಕೂ ಹೆಚ್ಚು ಜನರಿಗೆ ಯಾವ ಚಿಕಿತ್ಸೆಯೂ ಸಿಗುತ್ತಿಲ್ಲ. ಮನೋವೈದ್ಯರು ಲಕ್ಷ ಜನಕ್ಕೆ ಒಬ್ಬರೂ ಇಲ್ಲ. ಫ್ರಾಯ್ಡ್ ಕಾಲದ ಮನಶ್ಶಾಸ್ತ್ರವನ್ನು ಕನ್ನಡದಲ್ಲಿ ಓದಿಸುವಂತೆ ಬರೆದ ‘ರಾಶಿ’ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಡಾ. ಸಿ. ಆರ್. ಚಂದ್ರಶೇಖರ್ ಆ ಕೆಲಸವನ್ನು ಸಾಮಾನ್ಯರ ಮನೆಬಾಗಿಲಿಗೆ ಒಯ್ದರು. ಸಿಬಿಟಿಯ ಗೆರೆ ಎಳೆದ ಹಾಳೆ, ಚಟುವಟಿಕೆಯ ವಾರದ ಪಟ್ಟಿ, ಅಕ್ಷರ ಬಾರದವರಿಗೆ ಚಿತ್ರದ ಪಟ್ಟಿ, ಇವು ಕನ್ನಡದಲ್ಲಿ ಪ್ರತಿ ಆರೋಗ್ಯ ಕೇಂದ್ರದಲ್ಲೂ ಕೈಗೆ ಸಿಗುವ ದಿನ ಇನ್ನೂ ಬಂದಿಲ್ಲ.

ಫೋನು ಈ ಕೊರತೆ ತುಂಬುತ್ತದೆ ಎಂಬ ಆಸೆ ದೊಡ್ಡದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ (14416) ಹಗಲೂ ರಾತ್ರಿ ಕನ್ನಡದಲ್ಲೂ ಉತ್ತರಿಸುತ್ತದೆ. ಸಾಯುವ ಯೋಚನೆ ಬರುತ್ತಿದ್ದರೆ ತಡಮಾಡದೆ ಕರೆ ಮಾಡಬಹುದಾದ ಸಂಖ್ಯೆ ಅದು. ಸಿಬಿಟಿ ತತ್ವಗಳ ಮೇಲೆ ಮಾತಾಡುವ ವೈಸಾ ಎಂಬ ಚಾಟ್‌ಬಾಟ್ ಹುಟ್ಟಿದ್ದೂ ಬೆಂಗಳೂರಿನಲ್ಲೇ. ಆದರೆ ಬ್ರಿಟನ್ನಿನಲ್ಲಿ 691 ಖಿನ್ನತೆ ರೋಗಿಗಳಿಗೆ ಕಂಪ್ಯೂಟರಿನ ಸಿಬಿಟಿ ಕೊಟ್ಟು ನೋಡಿದ 2015ರ ಪ್ರಯೋಗದಲ್ಲಿ ಮಾಮೂಲಿ ವೈದ್ಯರ ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಕಾರಣ ಸರಳ, ಹೆಚ್ಚಿನವರು ಒಂದೆರಡು ಪಾಠ ನೋಡಿ ಬಿಟ್ಟಿದ್ದರು. ಹೋಮ್‌ವರ್ಕ್ ಕೊಟ್ಟರೆ ಸಾಲದು, ಮುಂದಿನ ವಾರ ಮಾಡಿದಿರಾ ಎಂದು ಕೇಳುವ ಒಬ್ಬರು ಬೇಕು.

ಗೋವಾದ ಪ್ರಯೋಗದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಶೇಕಡಾವಾರು ಅಂಕಿಗಳಲ್ಲ. ಅಲ್ಲಿನ ಸಲಹೆಗಾರರು ತಮ್ಮ ಸೆಷನ್ನುಗಳನ್ನು ರೆಕಾರ್ಡ್ ಮಾಡಿಕೊಂಡು, ಗುಂಪಿನಲ್ಲಿ ಕೂತು ಒಬ್ಬರದನ್ನೊಬ್ಬರು ಕೇಳಿ, ನಿಗದಿತ ಅಳತೆಪಟ್ಟಿಯಲ್ಲಿ ಅಂಕ ಕೊಡುತ್ತಿದ್ದರು. ಎಲ್ಲಿ ಉಪದೇಶಕ್ಕೆ ಇಳಿದೆ, ಎಲ್ಲಿ ಹೋಮ್‌ವರ್ಕ್ ಕೇಳಲು ಮರೆತೆ ಎಂಬುದು ಅಲ್ಲೇ ಗೊತ್ತಾಗುತ್ತಿತ್ತು. ಈಗ ಮಧ್ಯಪ್ರದೇಶದಲ್ಲಿ ಆಶಾ ಕಾರ್ಯಕರ್ತೆಯರಿಗೆ ಅದೇ ಚಿಕಿತ್ಸೆಯನ್ನು ಮೊಬೈಲಿನಲ್ಲಿ ಕಲಿಸುವ ಪ್ರಯತ್ನ ನಡೆದಿದೆ. ನಮ್ಮಲ್ಲೂ ನಾಳೆ ಯಾರೋ ಒಂದು ಸುತ್ತೋಲೆ ಹೊರಡಿಸಿ, ಮೂರು ದಿನದ ಕಾರ್ಯಾಗಾರ ನಡೆಸಿ, ಊಟ ಹಾಕಿ, ಪ್ರಮಾಣಪತ್ರ ಹಂಚಬಹುದು. ಅದಕ್ಕೆ ಬಜೆಟ್ ಸಿಗುವುದು ಕಷ್ಟವಲ್ಲ. ಆಮೇಲೆ ಪ್ರತಿ ವಾರ ಆ ಕಾರ್ಯಕರ್ತೆಯರನ್ನು ಕೂರಿಸಿಕೊಂಡು ಅವರ ರೆಕಾರ್ಡಿಂಗ್ ಕೇಳಿ ತಿದ್ದುವ ಮೇಲ್ವಿಚಾರಕರ ಹುದ್ದೆ ಬೇಕು, ತಾಲ್ಲೂಕಿಗೆ ಒಂದಾದರೂ, ಗುತ್ತಿಗೆಯದ್ದಲ್ಲದ್ದು. ಈಗಾಗಲೇ ಲಸಿಕೆ, ಹೆರಿಗೆ, ಸಮೀಕ್ಷೆಗಳ ಹೊರೆ ಹೊತ್ತು ಗೌರವಧನಕ್ಕಾಗಿ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರುವ ಆ ಹೆಣ್ಣುಮಕ್ಕಳಿಗೆ ಈ ಹೆಚ್ಚುವರಿ ಕೆಲಸಕ್ಕೆ ಬೇರೆ ಹಣವೂ ಬೇಕು.